ಏಳು ವರ್ಷ ಈಬೇಯಲ್ಲಿ ಹರಾಜಿಗಿಟ್ಟು ಮಾರಿದ ಮೇಲೆ

ಏಳು ವರ್ಷದಿಂದ ಈಬೇ ಅನ್ನೋ ಆನ್‌ಲೈನ್ ಹರಾಜು ತಾಣದಲ್ಲಿ ಹಳೆಯ ಕ್ಯಾಮೆರಾ, ಲೆನ್ಸ್, ರೇಡಿಯೋ ಮಾರುತ್ತಿದ್ದೇನೆ. ಇದು ನನ್ನ ಕಸುಬಲ್ಲ, ಬಿಡುವಿನ ಕೆಲಸ. ಆದರೂ ಇನ್ನೂರಕ್ಕೂ ಜಾಸ್ತಿ ಹರಾಜು ಮುಗಿಸಿದ್ದೇನೆ. ಕೆಲವಕ್ಕೆ ನಾನು ಎಣಿಸಿರದಷ್ಟು ಬೆಲೆ ಬಂತು, ಕೆಲವು ಮೂರು ಕಾಸಿಗೆ ಹೋದವು. ಯಾಕೆ ಹಾಗಾಯಿತು ಅಂತ ಈಗ ಸುಮಾರಾಗಿ ಗೊತ್ತಾಗಿದೆ.

ಕೊಳ್ಳುವವರು ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವಂತಿಲ್ಲ. ನಾವು ಹೇಳಿದ್ದು, ನಾವು ತೋರಿಸಿದ್ದು ಅಷ್ಟೇ ಅವರ ಪಾಲಿಗೆ. ಅವರಿಗೆ ಅನುಮಾನ ಉಳಿದಷ್ಟೂ ಬಿಡ್, ಅಂದರೆ ಹರಾಜಿನಲ್ಲಿ ಅವರು ಕೂಗುವ ಬೆಲೆ, ಇಳಿಯುತ್ತದೆ. ಇದು ನನಗೆ ಅರ್ಥವಾಗಿದ್ದು ಒಂದು 50 ಎಂಎಂ ಲೆನ್ಸ್‌ನಿಂದ.

ಮೊದಲ ವರ್ಷ ಅದನ್ನು ಹರಾಜಿಗೆ ಇಟ್ಟಾಗ ನಾಲ್ಕು ಫೋಟೋ ಹಾಕಿದ್ದೆ. ‘ಒಳ್ಳೆಯ ಸ್ಥಿತಿಯಲ್ಲಿದೆ’ ಅಂತ ಒಂದು ಸಾಲು ಬರೆದಿದ್ದೆ. ಮಾರಾಟವಾಯಿತು, ಹತ್ತು ದಿನಕ್ಕೆ ವಾಪಸ್ ಬಂತು. ಒಳಗೆ ಫಂಗಸ್ (ಬೂಷ್ಟು) ಇದೆ ಅಂದರು ಕೊಂಡವರು. ನಾನು ನೋಡಿರಲೇ ಇಲ್ಲ. ಹಣ ಹಿಂದಿರುಗಿಸಿದೆ, ಬಂದ ಪಾರ್ಸೆಲ್ಲಿನ ಖರ್ಚನ್ನೂ ಕೊಟ್ಟೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಅಂಚಿನಲ್ಲಿ ಜೇಡರ ಬಲೆಯ ಎಳೆಗಳ ಹಾಗೆ ಸಣ್ಣಗೆ ಹಬ್ಬಿತ್ತು.

ಅದನ್ನೇ ಹತ್ತಿರದಿಂದ ಫೋಟೋ ತೆಗೆದು ಮತ್ತೆ ಹರಾಜಿಗೆ ಇಟ್ಟೆ. ಈ ಸಲ ಹೀಗೆ ಬರೆದೆ: ‘ಹಿಂದಿನ ಗಾಜಿನ ಅಂಚಿನಲ್ಲಿ ಫಂಗಸ್ ಇದೆ, ಆರನೇ ಫೋಟೋ ನೋಡಿ. ಅಪರ್ಚರ್ ಬ್ಲೇಡ್‌ಗಳಲ್ಲಿ ಎಣ್ಣೆ ಇಲ್ಲ. ಫೋಕಸ್ ರಿಂಗ್ ಸಲೀಸಾಗಿ ತಿರುಗುತ್ತದೆ.’ ಮೂರು ಜನ ಪೈಪೋಟಿಗೆ ಬಿದ್ದರು. ಮೊದಲ ಸಲಕ್ಕಿಂತ ಸ್ವಲ್ಪ ಜಾಸ್ತಿಯೇ ಬಂತು. ಗೆದ್ದವರು ಲೆನ್ಸ್ ಬಿಚ್ಚಿ ರಿಪೇರಿ ಮಾಡುವವರು. ಅವರಿಗೆ ಫಂಗಸ್ ದೊಡ್ಡ ವಿಷಯವೇ ಅಲ್ಲ. ಎಷ್ಟಿದೆ, ಎಲ್ಲಿದೆ ಅಂತ ಗೊತ್ತಾದರೆ ಸಾಕಿತ್ತು.

ಈ ತಾಣ ಶುರುವಾಗಿದ್ದೂ ಹೀಗೇ ಅಲ್ವಾ? 1995ರಲ್ಲಿ ಪಿಯರ್ ಒಮಿಡ್ಯಾರ್ ಇದನ್ನು ಆಕ್ಷನ್‌ವೆಬ್ ಅನ್ನೋ ಹೆಸರಲ್ಲಿ ಕಟ್ಟಿದಾಗ ಮೊದಲು ಮಾರಾಟವಾಗಿದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಬೆಲೆ 14.83 ಡಾಲರ್. ಕೆಟ್ಟಿದೆ ಅಂತ ಗೊತ್ತಿದೆಯಾ ಎಂದು ಕೇಳಿದರೆ, ಕೊಂಡವರು ‘ನಾನು ಕೆಟ್ಟುಹೋದ ಲೇಸರ್ ಪಾಯಿಂಟರ್‌ಗಳನ್ನೇ ಕೂಡಿಡುತ್ತೇನೆ’ ಅಂದರಂತೆ.

ಅಂದಿನಿಂದ ಫೋಟೋಗೇ ನನ್ನ ಸಮಯವೆಲ್ಲ ಹೋಗುತ್ತದೆ. ಕಿಟಕಿಯ ಬೆಳಕು, ಕೆಳಗೆ ಬಣ್ಣವಿಲ್ಲದ ಬಟ್ಟೆ, ಫ್ಲ್ಯಾಶ್ ಬೇಡ. ಗೀರಿದ್ದರೆ ಪಕ್ಕದಲ್ಲಿ ಅಳತೆಪಟ್ಟಿ ಇಡುತ್ತೇನೆ. ಬ್ಯಾಟರಿ ಹಾಕುವ ಜಾಗ ತೆರೆದು ತೋರಿಸುತ್ತೇನೆ, ತುಕ್ಕು ಕೂರುವುದು ಅಲ್ಲೇ. ‘ಟೆಸ್ಟ್ ಮಾಡಿಲ್ಲ’ ಅಂತ ಮಾತ್ರ ಬರೆಯಬೇಡಿ. ಓದುವವರು ಅದನ್ನು ‘ಕೆಟ್ಟಿದೆ’ ಅಂತಲೇ ಓದುತ್ತಾರೆ.

ಶೀರ್ಷಿಕೆಗೆ 80 ಅಕ್ಷರ ಸಿಗುತ್ತದೆ. ಅದರಲ್ಲಿ ‘ಅದ್ಭುತ’, ‘ಅಪರೂಪ’ ಅಂತ ತುಂಬಿದರೆ ಜಾಗ ಹಾಳು. ಸರ್ಚ್‌ನಲ್ಲಿ ಯಾರೂ ಆ ಪದ ಹಾಕುವುದಿಲ್ಲ. ಕಂಪನಿ, ಮಾಡೆಲ್ ನಂಬರ್, ಅಳತೆ, ಜೊತೆಗೆ ಏನೇನು ಬರುತ್ತದೆ, ಇಷ್ಟು ಸಾಕು. ಒಮ್ಮೆ ಮಾಡೆಲ್ ಹೆಸರಲ್ಲಿ ಒಂದು ಅಕ್ಷರ ಬಿಟ್ಟುಹೋಯಿತು. ಒಳ್ಳೆ ರೇಡಿಯೋ, ಒಂದೇ ಬಿಡ್‌ಗೆ ಹೋಯಿತು. ಹುಡುಕಿದವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಬೆಲೆ ಎಲ್ಲಿಂದ ಶುರು ಮಾಡಬೇಕು ಅನ್ನೋದು ಎಲ್ಲರ ಪ್ರಶ್ನೆ. ಬೇರೆಯವರು ಎಷ್ಟು ಕೇಳುತ್ತಿದ್ದಾರೆ ಅಂತ ನೋಡಿ ಪ್ರಯೋಜನವಿಲ್ಲ, ಕೇಳೋದು ಯಾರು ಬೇಕಾದರೂ ಕೇಳಬಹುದು. ಮಾರಾಟವಾದವನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ, ಅದನ್ನು ಹಾಕಿ ನೋಡಿ. ಇನ್ನೊಂದು ವಿಷಯ. ಇಲ್ಲಿ ಬಿಡ್ ಮಾಡುವವರು ತಮ್ಮ ಗರಿಷ್ಠ ಮೊತ್ತ ಹಾಕಿಡುತ್ತಾರೆ. ಎದುರಾಳಿಯನ್ನು ಮೀರಲು ಬೇಕಾದಷ್ಟನ್ನು ಮಾತ್ರ ತಾಣ ಏರಿಸುತ್ತದೆ. ಹಾಗಾಗಿ ಕೊನೆಯ ಬೆಲೆ ನಿಲ್ಲುವುದು ಎರಡನೆಯವರು ಎಲ್ಲಿ ಕೈಬಿಟ್ಟರೋ ಅದಕ್ಕಿಂತ ಚೂರು ಮೇಲೆ. ಒಬ್ಬರೇ ಬಂದರೆ ಎಷ್ಟೇ ಆಸೆಪಟ್ಟು ಬಂದಿದ್ದರೂ ನಿಮಗೆ ಸಿಗುವುದು ಶುರುವಿನ ಬೆಲೆಯೇ. ಇಬ್ಬರು ಬರುತ್ತಾರೆ ಅನ್ನೋ ಭರವಸೆ ಇದ್ದರೆ ಕಡಿಮೆಯಿಂದ ಶುರು ಮಾಡಿ, ಜನ ಸೇರುತ್ತಾರೆ. ಇಲ್ಲದಿದ್ದರೆ ಆ ಬೆಲೆಗೇ ಹೋದರೂ ಸಂಕಟವಾಗದಂಥ ಮೊತ್ತ ಹಾಕಿ. ರಿಸರ್ವ್ ಬೆಲೆ, ಅಂದರೆ ಅಷ್ಟು ಮುಟ್ಟದಿದ್ದರೆ ಮಾರುವುದಿಲ್ಲ ಅನ್ನೋ ಮೊತ್ತ, ಇಡುವ ಸೌಲಭ್ಯ ನಾನು ಬಳಸೋದು ಬಿಟ್ಟಿದ್ದೇನೆ. ಅದಕ್ಕೆ ಬೇರೆ ಶುಲ್ಕ, ‘ರಿಸರ್ವ್ ಮುಟ್ಟಿಲ್ಲ’ ಅಂತ ಕಂಡರೆ ಜನ ಹಿಂದೆ ಸರಿಯುತ್ತಾರೆ.

ನಾನು ಸಾಮಾನ್ಯವಾಗಿ ಏಳು ದಿನ ಇಡುತ್ತೇನೆ, ಮಧ್ಯೆ ಒಂದು ವಾರಾಂತ್ಯ ಸಿಗುತ್ತದೆ. ಆರು ದಿನ ಏನೂ ಆಗದಿದ್ದರೂ ಗಾಬರಿಯಾಗಬೇಡಿ. ಈಬೇಯ ಹರಾಜು ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ, ಕೊನೆಗೆ ಬಿಡ್ ಬಂತು ಅಂತ ಮುಂದೆ ಹೋಗುವುದಿಲ್ಲ. ಅದಕ್ಕೇ ಅನುಭವಿಗಳು ಕೊನೆಯ ಕ್ಷಣದವರೆಗೆ ಕಾಯುತ್ತಾರೆ. 2002ರಲ್ಲಿ ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾಥ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಇದನ್ನೇ ಅಧ್ಯಯನ ಮಾಡಿದ್ದರು. ಆಗ ಅಮೆಜಾನ್ ಹರಾಜಿನಲ್ಲಿ ಕೊನೆಗೆ ಬಿಡ್ ಬಂದರೆ ಸಮಯ ಬೆಳೆಯುತ್ತಿತ್ತು, ಅಲ್ಲಿ ಈ ಕೊನೆಗಳಿಗೆಯ ನುಗ್ಗಾಟ ಈಬೇಗಿಂತ ಕಡಿಮೆಯಿತ್ತು. ಕೊಳ್ಳುವವರು ಎಚ್ಚರವಿರುವ ಹೊತ್ತಿಗೆ ಮುಗಿಯುವ ಹಾಗೆ ನೋಡಿಕೊಂಡರೆ ನಮ್ಮ ಕೆಲಸ ಅಷ್ಟೇ. ಬೆಲೆ ಏರಿಸಲು ಸ್ನೇಹಿತರ ಕೈಲಿ ಬಿಡ್ ಹಾಕಿಸಬೇಡಿ. ಅದು ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ನಂಬಿ ಬಂದವರಿಗೆ ಮಾಡುವ ಮೋಸ ಅದು.

ಸಾಗಣೆಯಲ್ಲಿ ಲಾಭ ಸೋರಿಹೋಗುತ್ತದೆ. ಹರಾಜಿಗೆ ಇಡುವ ಮೊದಲೇ ಪ್ಯಾಕ್ ಮಾಡಿ ತೂಗಿ. ಹಗುರವಾದರೂ ಡಬ್ಬ ದೊಡ್ಡದಿದ್ದರೆ ಕೊರಿಯರ್‌ನವರು ಅಳತೆಯ ಮೇಲೆ ದುಡ್ಡು ಹಾಕುತ್ತಾರೆ. ತಾಣದ ಶುಲ್ಕವೂ ಸಾಗಣೆ ಸೇರಿದ ಮೊತ್ತದ ಮೇಲೆ ಬೀಳುತ್ತದೆ. ಡಬ್ಬದೊಳಗೆ ಡಬ್ಬ ಇಟ್ಟು, ಅಂಟಿಸಿದ ಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇನೆ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬುತ್ತೇನೆ.

ಕಿರಿಕಿರಿ ಇಲ್ಲದೇ ಇಲ್ಲ. ಗೆದ್ದು ಹಣ ಕೊಡದೆ ಮಾಯವಾದವರು ಸಿಕ್ಕಿದ್ದಾರೆ. ಆಗ ಎರಡನೆಯವರಿಗೆ ಅವರ ಬಿಡ್‌ನ ಬೆಲೆಗೇ ಕೊಡುವ ಅವಕಾಶವಿದೆ, ನನಗೆ ಅದು ಎರಡು ಸಲ ಕೈಹಿಡಿದಿದೆ. 2008ರಿಂದ ಮಾರುವವರು ಕೊಳ್ಳುವವರಿಗೆ ಕೆಟ್ಟ ಫೀಡ್‌ಬ್ಯಾಕ್ ಕೊಡುವಂತಿಲ್ಲ. ನನಗೆ ಇದು ಸರಿ ಅನಿಸುತ್ತದೆ. ಸೇಡಿನ ಭಯವಿಲ್ಲದೆ ಅವರು ಬರೆದದ್ದಕ್ಕೇ ಬೆಲೆ ಜಾಸ್ತಿ.

ಎಲ್ಲ ಕಡೆ ಸಿಗುವ ವಸ್ತುಗಳನ್ನು ಈಗ ಫಿಕ್ಸೆಡ್ ಬೆಲೆಗೇ ಇಡುತ್ತೇನೆ. ಬೆಲೆ ಎಷ್ಟು ಅಂತ ನನಗೇ ಗೊತ್ತಿಲ್ಲದವು, ಹುಡುಕಿಕೊಂಡು ಬರುವವರಿದ್ದಾರೆ ಅನ್ನಿಸಿದವು ಮಾತ್ರ ಹರಾಜಿಗೆ. ಮೇಜಿನ ಮೇಲೆ ಸದ್ಯ ಬೆಳಕು ಅಳೆಯುವ ಒಂದು ಹಳೆಯ ಲೈಟ್ ಮೀಟರ್ ಇದೆ. ಮುಳ್ಳು ಅಲ್ಲಾಡುತ್ತದೆ, ಗಾಜಿನಲ್ಲಿ ಬಿರುಕಿದೆ. ಬೆಳಿಗ್ಗೆ ಕಿಟಕಿಗೆ ಬಿಸಿಲು ಬಂದಾಗ ಮೊದಲು ಆ ಬಿರುಕಿನ ಫೋಟೋ ತೆಗೆಯಬೇಕು.