ಯಾವ ರೂಮಿನ ಟೆಂಪರೇಚರ್ ರೀ? ಕಲಬುರಗಿಯಲ್ಲಿ ಎರಡು ಬಾಟಲಿ ಗಾಮೆ

ಏಪ್ರಿಲ್ ಕೊನೆಯ ವಾರ, ಸಂಜೆ ಆರೂವರೆ. ನಮ್ಮ ಹಾಲ್‌ನ ಥರ್ಮಾಮೀಟರ್ 36 ಡಿಗ್ರಿ ತೋರಿಸುತ್ತಿತ್ತು. ಅದೂ ಕೂಲರ್ ಹಾಕಿದ ಮೇಲೆ. ಟೇಬಲ್ ಮೇಲೆ ಎರಡು ಬಾಟಲಿ ಕೆಂಪು ವೈನ್ ಇದ್ದವು. ತಂಗಿಯ ಮಗ ಫ್ರಾನ್ಸ್‌ನ ಲಿಯಾನ್ ಊರಲ್ಲಿ ಓದುತ್ತಾನೆ. ಮನೆಯ ಮದುವೆಗೆ ಬಂದವನು ನನಗೆ ಅಂತ ತಂದಿದ್ದ. ಬಟ್ಟೆಗಳ ನಡುವೆ ಸುತ್ತಿಕೊಂಡು ಬೆಂಗಳೂರಿಗೆ ಇಳಿದು, ಅಲ್ಲಿಂದ ರಾತ್ರಿ ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಬಂದನಂತೆ.

"ಮಾಮಾ, ಇವು ಫ್ರಿಜ್ಜಿನಾಗ ಇಡ್ರಿ," ಅಂದ.

"ಕೆಂಪು ವೈನಾ?"

"ಹೂಂ ಮಾಮಾ. ಅಲ್ಲಿ ಈ ವೈನ್ ತಣ್ಣಗ ಮಾಡೇ ಕುಡೀತಾರ."

ನಾನು ನಂಬಲಿಲ್ಲ. ಅದಕ್ಕೆ ಕಾರಣವೂ ಇತ್ತು. ಹೋದ ವರ್ಷ ಊರಿನ ಒಂದು ಅಂಗಡಿಯಲ್ಲಿ ಕೆಂಪು ವೈನ್ ಕೊಂಡಿದ್ದೆ. ಯಾವ ಅಂಗಡಿ ಅಂತ ಬೇಡ ಬಿಡಿ. ಬಾಟಲಿ ಮೇಲಿನ ಶೆಲ್ಫ್‌ನಲ್ಲಿ ಟ್ಯೂಬ್‌ಲೈಟ್ ಪಕ್ಕದಲ್ಲೇ ನಿಂತಿತ್ತು. ಮುಟ್ಟಿದರೆ ಚಹಾದ ಕಪ್ಪಿನ ಹಾಗೆ ಬೆಚ್ಚಗೆ. ಫ್ರಿಜ್‌ನಲ್ಲಿ ಇಟ್ಟಿದ್ದು ಇಲ್ಲವಾ ಅಂತ ಕೇಳಿದರೆ ಹುಡುಗ ನಕ್ಕ. "ರೆಡ್ ವೈನ್ ಫ್ರಿಜ್ಜಿನಾಗ ಇಡಂಗಿಲ್ರೀ ಸರ್, ರೂಮ್ ಟೆಂಪರೇಚರ್ ಇರಬೇಕು." ಮನೆಗೆ ತಂದು ನೋಡಿದರೆ ಕಾರ್ಕ್ ಅರ್ಧ ಬೆರಳಿನಷ್ಟು ಮೇಲೆದ್ದಿತ್ತು. ಒಳಗಿದ್ದದ್ದು ಹುಣಸೆಹಣ್ಣಿಗೆ ಬೆಲ್ಲ ಹಾಕಿ ಕುದಿಸಿದ ನೀರಿನ ರುಚಿ. 900 ರೂಪಾಯಿ ಸಿಂಕಿಗೆ ಹೋಯಿತು.

ರೂಮ್ ಟೆಂಪರೇಚರ್ ಅನ್ನೋ ಮಾತು ಹುಟ್ಟಿದ್ದು ಯುರೋಪಿನ ಹಳೆ ಕಾಲದ ಚಳಿ ಮನೆಗಳಲ್ಲಿ. ಅಲ್ಲಿ ರೂಮು ಅಂದರೆ 16, 18 ಡಿಗ್ರಿ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ 43. ಮಾತು ಅಲ್ಲಿಂದ ಬಂತು, ರೂಮು ಬರಲಿಲ್ಲ.

ಈಗ ಬಾಟಲಿಗಳ ವಿಷಯಕ್ಕೆ ಬರುತ್ತೇನೆ. ಎರಡೂ ಗಾಮೆ ಅನ್ನೋ ದ್ರಾಕ್ಷಿಯವು. ಆದರೆ ಎರಡರ ಮೇಲೂ ಗಾಮೆ ಅಂತ ಬರೆದಿರಲಿಲ್ಲ. ಇದು ಮೊದಲ ತೊಂದರೆ. ಫ್ರಾನ್ಸ್‌ನವರು ದ್ರಾಕ್ಷಿಯ ಹೆಸರಿಗಿಂತ ಊರಿನ ಹೆಸರು ಬರೆಯೋದೇ ಜಾಸ್ತಿ. ಲಿಯಾನ್‌ನಿಂದ ಉತ್ತರಕ್ಕೆ ಹೊರಟರೆ ಬೋಜೊಲೆ ಅನ್ನೋ ಸೀಮೆ ಸಿಗುತ್ತದೆ. ಅಲ್ಲಿ ಬಹುತೇಕ ಎಲ್ಲಾ ತೋಟದಲ್ಲೂ ಇದೇ ದ್ರಾಕ್ಷಿ. ಹಾಗಾಗಿ ಕೆಂಪು ವೈನ್ ಬಾಟಲಿ ಮೇಲೆ ಬೋಜೊಲೆ ಅಂತಿದ್ದರೆ ಒಳಗೆ ಗಾಮೆ ಇದೆ ಅಂತಲೇ ತಿಳಿಯಿರಿ. ಲಿಯಾನ್‌ಗೆ ಮೂರು ನದಿ ಅಂತ ಅಲ್ಲಿಯವರ ತಮಾಷೆಯಂತೆ: ರೋನ್, ಸೋನ್, ಬೋಜೊಲೆ. ನಮಗೂ ಭೀಮಾ, ಕಾಗಿಣಾ ಇವೆ. ಮೂರನೆಯದು ಚಹಾ.

ಮೊದಲನೆಯದು ಜಾರ್ಜ್ ದ್ಯುಬೋಫ್ ಕಂಪನಿಯ ಬೋಜೊಲೆ-ವಿಲಾಜ್. ಲೇಬಲ್ ಮೇಲೆ ಹೂವಿನ ಚಿತ್ರ. ಈ ದ್ಯುಬೋಫ್ 2020ರಲ್ಲಿ ತೀರಿಕೊಂಡರು. ಬೋಜೊಲೆ ಅನ್ನೋ ಹೆಸರನ್ನು ಜಗತ್ತಿಗೆಲ್ಲಾ ಮುಟ್ಟಿಸಿದವರು ಅವರು. ಬೆಲೆ 8 ಯೂರೊ, ನಮ್ಮ ಲೆಕ್ಕಕ್ಕೆ 700–800 ರೂಪಾಯಿ. ಎರಡನೆಯದು ಮೊರ್ಗೋನ್ ಅನ್ನೋ ಹಳ್ಳಿಯ ಒಬ್ಬ ಸಣ್ಣ ರೈತನದು, 13 ಯೂರೊ.

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ನನಗೆ 22 ವರ್ಷ ಸರ್ವಿಸ್. ಅಳತೆ ಇಲ್ಲದೆ ಏನನ್ನೂ ನಂಬೋ ಸ್ವಭಾವ ಅಲ್ಲ. ಅಳಿಯ ಹೇಳಿದ್ದು 12ರಿಂದ 14 ಡಿಗ್ರಿ. 33 ಡಿಗ್ರಿಯಲ್ಲಿದ್ದ ಬಾಟಲಿ ಫ್ರಿಜ್‌ನಲ್ಲಿ 14ಕ್ಕೆ ಇಳಿಯಲು ಹತ್ತಿರ ಹತ್ತಿರ 3 ಗಂಟೆ ಬೇಕಾಯಿತು. ಎರಡನೇ ಸಲ ಜಾಣನಾದೆ. ಸ್ಟೀಲ್ ಬಕೆಟ್‌ಗೆ ಐಸ್, ನೀರು, ಒಂದು ಹಿಡಿ ಉಪ್ಪು. 25 ನಿಮಿಷ ಸಾಕಾಯಿತು. ಬರೀ ಐಸ್ ಹಾಕಬೇಡಿ, ನೀರಿದ್ದರೇ ತಂಪು ಬಾಟಲಿಗೆ ಅಂಟುವುದು.

ಗ್ಲಾಸಿಗೆ ಸುರಿದಾಗ ಬಣ್ಣ ತೆಳುವಾಗಿತ್ತು. ಗ್ಲಾಸಿನ ಆಚೆ ಇಟ್ಟ ಪೇಪರ್‌ನ ಹೆಡ್‌ಲೈನ್ ಓದಬಹುದಿತ್ತು. ನಮ್ಮ ಮನೆಯವಳು ಕುಡಿಯೋದಿಲ್ಲ, ಆದರೆ ಅವಳ ಮೂಗು ನನ್ನದಕ್ಕಿಂತ ಚುರುಕು. ಮೂಸಿ ನೋಡಿ, "ನೇರಳೆಹಣ್ಣು ತಿಂದ ಹುಡುಗರ ಬಾಯಿ ವಾಸನಿ ಅದ," ಅಂದಳು. ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ನೇರಳೆಹಣ್ಣಿನ ಪರಿಮಳ, ಹುಳಿ ಎರಡೂ ಇತ್ತು. ಆದರೆ ನೇರಳೆ ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುವ ಒಗರು ಇರಲಿಲ್ಲ. ಉಳಿದ ಕೆಂಪು ವೈನ್‌ಗಳಲ್ಲಿ ನನಗೆ ಸೇರದಿದ್ದದ್ದು ಆ ಒಗರೇ. ಟ್ಯಾನಿನ್ ಅಂತಾರಲ್ಲ, ಅದು. ತಣ್ಣಗೆ ಮಾಡಿದರೆ ಒಗರು ಇನ್ನೂ ಎದ್ದು ಕಾಣುತ್ತದೆ. ಅದಕ್ಕೇ ಒಗರಿನ ವೈನ್‌ಗಳನ್ನು ತೀರಾ ತಣ್ಣಗೆ ಕೊಡೋದಿಲ್ಲ. ಗಾಮೆಗೆ ಆ ಭಯ ಇಲ್ಲ.

ನೇರಳೆಯ ಹಿಂದೆ ಇನ್ನೊಂದು ವಾಸನೆ ಸಣ್ಣಗೆ ಬರುತ್ತಿತ್ತು. ನಾನು ಹಿಡಿದೆ: ಬಾಳೆಹಣ್ಣು. ಐಸೊಅಮೈಲ್ ಅಸಿಟೇಟ್, ಬಾಳೆಯ ವಾಸನೆ ಕೊಡುವ ರಾಸಾಯನಿಕ! ಕಾಲೇಜಿನ ಲ್ಯಾಬ್‌ನಲ್ಲಿ ಮಾಡಿದ್ದು ನೆನಪಿದೆ, ಇಡೀ ಕಾರಿಡಾರ್ ಕಮಲಾಪುರದ ಕೆಂಪು ಬಾಳೆಹಣ್ಣಿನ ಸಂತೆಯಾಗಿತ್ತು. ವೈನ್‌ಗೆ ಬಾಳೆ ಎಲ್ಲಿಂದ ಬಂತು ಅಂತ ಓದಲು ಕೂತೆ, ರಾತ್ರಿ ಹನ್ನೊಂದಾಯಿತು.

ಸಾಮಾನ್ಯವಾಗಿ ಕೆಂಪು ವೈನ್‌ಗೆ ದ್ರಾಕ್ಷಿಯನ್ನು ಜಜ್ಜಿ ಹುದುಗಲು ಬಿಡುತ್ತಾರೆ. ಬೋಜೊಲೆಯಲ್ಲಿ ಗೊಂಚಲನ್ನು ಜಜ್ಜದೆ ಇಡಿಯಾಗಿ ಟ್ಯಾಂಕಿಗೆ ಹಾಕುತ್ತಾರೆ. ಮೇಲಿನ ಭಾರಕ್ಕೆ ತಳದ ಹಣ್ಣು ಒಡೆದು ಹುದುಗಲು ಶುರುವಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಎದ್ದು ಟ್ಯಾಂಕ್ ತುಂಬುತ್ತದೆ. ಗಾಳಿ ಇಲ್ಲದೆ ಮೇಲಿನ ಹಣ್ಣುಗಳು ಒಡೆಯದೇ, ಸಿಪ್ಪೆಯ ಒಳಗೇ ಹುದುಗತೊಡಗುತ್ತವೆ. ಒಳಗೆ ಶೇ 2ರಷ್ಟು ಆಲ್ಕೋಹಾಲ್ ಆಗುವ ಹೊತ್ತಿಗೆ ತಾವಾಗಿಯೇ ಬಿರಿಯುತ್ತವೆ. ಸಿಪ್ಪೆ, ಬೀಜಗಳ ಒಗರು ರಸಕ್ಕೆ ಇಳಿಯೋದು ಕಡಿಮೆ. ಹಣ್ಣಿನ ವಾಸನೆ ಜಾಸ್ತಿ. ಬಾಳೆಯೂ ಹಾಗೆಯೇ ಬರುತ್ತದೆ.

ನನಗೆ ನಗು ಬಂತು. ಸಿಮೆಂಟಿಗೆ ಅಂತ ಒಂದು ಟನ್ ಶುದ್ಧ ಸುಣ್ಣಕಲ್ಲು ಸುಟ್ಟರೆ 440 ಕಿಲೋ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. 22 ವರ್ಷ ಆ ಲೆಕ್ಕ ಬರೆದಿದ್ದೇನೆ. ಅದೇ ಅನಿಲದಿಂದ ಇಷ್ಟು ಒಳ್ಳೆ ಕೆಲಸವೂ ಆಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಸುಣ್ಣಕಲ್ಲಿನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಬೋಜೊಲೆಯ ಉತ್ತರಕ್ಕೆ ಬರ್ಗಂಡಿ ಇದೆ, ಅಲ್ಲಿ ಸುಣ್ಣಕಲ್ಲಿನ ನೆಲ. 1395ರಲ್ಲಿ ಅಲ್ಲಿಯ ಡ್ಯೂಕ್ ಫಿಲಿಪ್ ಗಾಮೆಯನ್ನು ಕಿತ್ತು ಹಾಕಿ ಅಂತ ಆಜ್ಞೆ ಮಾಡಿದ. ನಂಬಿಕೆಗೆ ಅರ್ಹವಲ್ಲದ ಕೆಟ್ಟ ಗಿಡ ಅಂತ ಬೈದೂ ಇದ್ದ. ಗಿಡದ ತಪ್ಪೇನು ಅಂದರೆ ಬೇಗ ಹಣ್ಣಾಗುತ್ತದೆ, ಫಸಲು ಜಾಸ್ತಿ ಕೊಡುತ್ತದೆ! ರೈತರಿಗೆ ಅದು ಇಷ್ಟ. ಡ್ಯೂಕ್‌ಗೆ ಪಿನೋ ನ್ವಾರ್ ಅನ್ನೋ ನಾಜೂಕಿನ ದ್ರಾಕ್ಷಿಯ ಮಾನ ಉಳಿಯಬೇಕಿತ್ತು. ಈಗಿನ ಡಿಎನ್ಎ ಪರೀಕ್ಷೆಯಲ್ಲಿ ಗೊತ್ತಾಗಿದ್ದು ನೋಡಿ: ಗಾಮೆ ಆ ಪಿನೋದ ಸ್ವಂತ ಮಗು. ಇನ್ನೊಂದು ಕಡೆ ಗೂಯೆ ಬ್ಲಾಂ ಅನ್ನೋ ಬಡವರ ಬಿಳಿ ದ್ರಾಕ್ಷಿ. ದೊಡ್ಡ ಮನೆಯ ಮಗುವನ್ನೇ ಊರು ಬಿಡಿಸಿದ ಹಾಗಾಯಿತು, ಅಲ್ವಾ?

ಸುಣ್ಣಕಲ್ಲು ಬಿಟ್ಟು ಬಂದ ಗಿಡ ದಕ್ಷಿಣಕ್ಕಿರುವ ಬೋಜೊಲೆಯ ಗ್ರಾನೈಟ್ ನೆಲದಲ್ಲಿ ಚೆನ್ನಾಗಿ ಬೇರುಬಿಟ್ಟಿತು. ಇದನ್ನು ಶಹಾಪುರದ ಗೆಳೆಯನಿಗೆ ಫೋನಲ್ಲಿ ಹೇಳಿದೆ. "ಹಂಗಾದ್ರ ನಿಮ್ಮ ಸೇಡಮ್ಮಿನಾಗ ಬರಂಗಿಲ್ಲ, ನಮ್ಮ ಬುದ್ಧ ಮಲಗಿದ ಗುಡ್ಡದಾಗ ಬರ್ತದ ಬಿಡ್ರಿ," ಅಂದ. ಯಾದಗಿರಿ ಜಿಲ್ಲೆಯವರಿಗೆ ಕಲ್ಲಿನ ಮೇಲೆ ಇರೋ ಅಭಿಮಾನ ಕೇಳಲೇಬೇಡಿ.

ಊಟದ ಜೊತೆ ಹೇಗಿತ್ತು ಅನ್ನೋದೇ ನನಗೆ ಮುಖ್ಯ. ಸುಮ್ನೆ ಕುಡಿಯಲು ವೈನ್ ಯಾಕೆ?

ಮೊದಲ ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಇಂಥ ಊಟಕ್ಕೆ ಒಗರಿನ ವೈನ್ ಹಿಡಿದರೆ ಖಾರ ಇನ್ನಷ್ಟು ಉರಿಯುತ್ತದೆ, ಹಿಂಡಿ ಬಾಯಲ್ಲಿ ಮರಳಾಗುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ. ವಿಲಾಜ್ ಹಾಗೆ ಮಾಡಲಿಲ್ಲ. ಆಲ್ಕೋಹಾಲ್ ಶೇ 12.5, ಹಾಗಾಗಿ ಗಂಟಲು ಸುಡಲಿಲ್ಲ. ತಂಪಿಗೆ ಖಾರ ತುಸು ಕೂತಿತು. ಎಣ್ಣೆಗಾಯಿಯ ಎಣ್ಣೆಯನ್ನು ಅದರ ಹುಳಿ ತೊಳೆದುಕೊಂಡು ಹೋಯಿತು. ಎಲ್ಲಕ್ಕಿಂತ ಚೆನ್ನಾಗಿ ಕೂಡಿದ್ದು ಪುಂಡಿಪಲ್ಯ. ಪುಂಡಿ ಮೊದಲೇ ಹುಳಿ. ಬೇರೆ ವೈನ್ ಅದರ ಮುಂದೆ ಸಪ್ಪೆ ಅನ್ನಿಸುತ್ತದೆ. ಇದು ಹುಳಿಗೆ ಹುಳಿ ಕೊಟ್ಟು ನಿಂತಿತು. ಬೆಳ್ಳುಳ್ಳಿ ಒಗ್ಗರಣೆ ಬಾಯಿಗೆ ಬಂದಾಗ ಆ ನೇರಳೆ ವಾಸನೆ ಇನ್ನೂ ಸಿಹಿಯಾಗಿ ಕಂಡಿತು. ರೊಟ್ಟಿ ಎಷ್ಟು ಹೋಯಿತು ಅಂತ ಲೆಕ್ಕ ಇಡಲಿಲ್ಲ. ಇಟ್ಟವಳು ಇಟ್ಟಿದ್ದಾಳೆ.

ಹಸಿ ಮೆಣಸಿನಕಾಯಿ ಚಟ್ನಿ ಜೊತೆ ಮಾತ್ರ ಬೇಡ. ಅದಕ್ಕೆ ಮಜ್ಜಿಗೆ ಒಂದೇ ದಾರಿ.

ದೂರು ಇಲ್ಲ ಅಂತಲ್ಲ. ಗ್ಲಾಸಿನಲ್ಲಿ ಬಿಟ್ಟು ಮಾತಾಡುತ್ತಾ ಕೂತೆ. 20 ನಿಮಿಷಕ್ಕೆ ವೈನ್ 25 ಡಿಗ್ರಿ ದಾಟಿತ್ತು. ಹಣ್ಣೆಲ್ಲಾ ಎಲ್ಲೋ ಹೋಗಿ ಬರೀ ಸ್ಪಿರಿಟ್ ವಾಸನೆ, ನೀರು ನೀರು. ನಮ್ಮ ಸೆಕೆಗೆ ಒಂದೇ ಉಪಾಯ: ಎರಡು ಗುಟುಕಿನಷ್ಟೇ ಸುರಿದುಕೊಳ್ಳಿ, ಬಾಟಲಿ ಬಕೆಟ್‌ನಲ್ಲೇ ಇರಲಿ. ಉಳಿದದ್ದನ್ನು ಕಾರ್ಕ್ ಹಾಕಿ ಫ್ರಿಜ್‌ನಲ್ಲಿಟ್ಟೆ. ಮರುದಿನ ಚೆನ್ನಾಗಿತ್ತು, ಮೂರನೇ ದಿನ ಸೋತಿತ್ತು.

ಮೊರ್ಗೋನ್ ತೆಗೆದದ್ದು ಭಾನುವಾರ. ಬೋಜೊಲೆಯಲ್ಲಿ ತಮ್ಮದೇ ಹೆಸರಲ್ಲಿ ವೈನ್ ಮಾರುವ 10 ಜಾಗಗಳಿವೆ. ಅವಕ್ಕೆ ಕ್ರೂ ಅಂತಾರೆ. ಮೊರ್ಗೋನ್, ಫ್ಲೆರಿ, ಬ್ರುಯಿ, ಜುಲಿಯೆನಾ, ಮೂಲಾನ್-ಆ-ವಾನ್ ನನಗೆ ಬಾಯಿಪಾಠ ಆಗಿವೆ. ಅಳಿಯ ಮಧ್ಯಾಹ್ನ ಮುಸ್ಲಿಂ ಚೌಕ್ ಕಡೆ ಹೋಗಿ ತಹರಿ, ಅಂದರೆ ಮಾಂಸದ ಮಸಾಲೆ ಅನ್ನ, ಕಟ್ಟಿಸಿಕೊಂಡು ಬಂದ. ಮನೆಯೊಳಗೆ ಮಾಂಸ ಬರಂಗಿಲ್ಲ, ಹಾಗಾಗಿ ಟೆರೇಸ್ ಮೇಲೆ, ಪೇಪರ್ ಹಾಸಿ, ಸೂರ್ಯ ಮುಳುಗಿದ ಮೇಲೆ. ಬಕೆಟ್ ಹೊತ್ತವನು ನಾನು.

ಇದರ ಬಣ್ಣ ಗಾಢ, ವಾಸನೆ ನಿಧಾನ. ಮೊದಲ ಗುಟುಕಿಗೆ ಏನೂ ಹೇಳಲಿಲ್ಲ. 13 ಡಿಗ್ರಿಯಿಂದ 16ಕ್ಕೆ ಏರಿದ ಮೇಲೆ ಬಾಯಿ ಬಿಟ್ಟಿತು: ಚೆರ್ರಿ ಹಣ್ಣು, ಮೊದಲ ಮಳೆಗೆ ನೆಂದ ಕಲ್ಲು, ಕೊನೆಗೆ ಒಂದು ಎಳೆ ಒಗರು. ಬಾಳೆ ಇಲ್ಲವೇ ಇಲ್ಲ. ತಹರಿಯ ಮಸಾಲೆ, ಕೊಬ್ಬು ಎರಡಕ್ಕೂ ಆ ಒಂದು ಎಳೆ ಒಗರು ಬೇಕಿತ್ತು. ವಿಲಾಜ್ ಆಗಿದ್ದರೆ ತಹರಿ ಅದನ್ನು ನುಂಗಿಬಿಡುತ್ತಿತ್ತು. ಒಳ್ಳೆ ಮೊರ್ಗೋನ್ 5ರಿಂದ 10 ವರ್ಷ ಇಟ್ಟರೂ ಬಾಳುತ್ತದಂತೆ. ನಮ್ಮ ಮನೆಯಲ್ಲಿ ಅದನ್ನು ಇಡುವ ಜಾಗ ಫ್ರಿಜ್ ಒಂದೇ, ಅಲ್ಲಿ ಹಾಲು, ಹಿಟ್ಟು, ಮೊಸರಿಗೇ ಜಗಳ.

ಎರಡರಲ್ಲಿ ಒಂದು ಆರಿಸಿ ಅಂದರೆ? ಮೊರ್ಗೋನ್ ದೊಡ್ಡ ವೈನ್, ಒಪ್ಪುತ್ತೇನೆ. ಆದರೆ ನಾನು ಮತ್ತೆ ಕೇಳೋದು 8 ಯೂರೊದ್ದನ್ನೇ. ರೊಟ್ಟಿ ದಿನಾ ಇರುತ್ತದೆ, ತಹರಿ ಯಾವಾಗಲೋ ಒಮ್ಮೆ.

ಇಲ್ಲಿ ಸಿಗುತ್ತದಾ ಅಂತ ಕೇಳುತ್ತೀರಿ. ಕಲಬುರಗಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಕಂಡಿದ್ದೇನೆ, ಬೆಲೆ ಮೂರು ಪಟ್ಟಿಗಿಂತ ಜಾಸ್ತಿ. ಆಮದು ಸುಂಕ ವರ್ಷಗಟ್ಟಲೆ ಶೇ 150 ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ ಬೇರೆ. ಅಗ್ಗ ಅನ್ನೋದು ಗಾಮೆಯ ದೊಡ್ಡ ಗುಣ, ಆ ಗುಣವೇ ಬಂದರಿನಲ್ಲಿ ಉಳಿದುಬಿಡುತ್ತದೆ. 2,500 ಕೊಟ್ಟು ವಿಲಾಜ್ ಕೊಳ್ಳಬೇಡಿ. ಹೊರದೇಶದಿಂದ ಬರುವವರಿದ್ದರೆ ಹೇಳಿ ತರಿಸಿ.

ಬೋಜೊಲೆ ನೂವೊ ಅಂತಲೂ ಒಂದಿದೆ. ಸೆಪ್ಟೆಂಬರ್ ಸುಮಾರಿಗೆ ಕೊಯ್ದ ದ್ರಾಕ್ಷಿಯ ವೈನ್ ನವೆಂಬರ್ ಮೂರನೇ ಗುರುವಾರಕ್ಕೇ ಅಂಗಡಿಗೆ ಬರುತ್ತದೆ. ಇದು ನಮ್ಮ ಸೀತನಿ ಇದ್ದ ಹಾಗೆ. ಜೋಳ ಪೂರ್ತಿ ಬಲಿಯುವ ಮುಂಚೆ ಹೊಲದಲ್ಲೇ ತೆನೆ ಸುಟ್ಟು ತಿನ್ನುವ ಖುಷಿ. ಸೀತನಿಯನ್ನು ಯಾರಾದರೂ ಬೇಸಿಗೆವರೆಗೆ ಕಟ್ಟಿಡುತ್ತಾರಾ? ಹೋದ ವರ್ಷದ ನೂವೊ ಯಾರಾದರೂ ರಿಯಾಯಿತಿಯಲ್ಲಿ ಕೊಟ್ಟರೆ ಮುಟ್ಟಬೇಡಿ.

ಅಳಿಯ ಮತ್ತೆ ಬರೋದು ಡಿಸೆಂಬರ್ ರಜೆಗೆ. ಒಬ್ಬರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್. ಎರಡು ಬಾಟಲಿಗೆ ಒಂದೂವರೆ ಲೀಟರ್ ಆಯಿತು, ಮೂರು ತಂದರೆ 250 ಮಿಲಿ ಹೆಚ್ಚಾಗುತ್ತದೆ. 375 ಮಿಲಿಯ ಅರ್ಧ ಬಾಟಲಿಯೂ ಸಿಗುತ್ತದೆ ಅಂತ ಕಂಡುಹಿಡಿದಿದ್ದೇನೆ. ಎರಡು ಪೂರ್ತಿ, ಒಂದು ಅರ್ಧ, ಒಟ್ಟು 1,875. ನಿನ್ನೆ ಅವನಿಗೆ ಮೆಸೇಜ್ ಹಾಕಿದೆ. "ಮಾಮಾ, ಉಳಿದ 125ಕ್ಕ ಏನು ತರ್ಲಿ?" ಅಂತ ಉತ್ತರ ಬಂದಿದೆ.