ಥೈರಾಯ್ಡ್ ಇದ್ದವರು ಅಯೋಡಿನ್ ಹನಿ ಕುಡಿಯುವ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ. ಇನ್ನೊಬ್ಬರಿಗೆ ಹೀಗಾಗೋದು ಬೇಡ.

ನನಗೆ ಆರು ವರ್ಷದಿಂದ ಥೈರಾಯ್ಡ್ ಕಡಿಮೆ. ಹಾಶಿಮೊಟೊ, ಅಂದರೆ ದೇಹದ ರಕ್ಷಣಾ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಕಾಯಿಲೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಟಿಎಸ್‌ಎಚ್ (ರಕ್ತ ಪರೀಕ್ಷೆಯ ಅಂಕಿ, ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಇದು ಏರುತ್ತದೆ) 3ರ ಆಸುಪಾಸು. ಆರಾಮಾಗಿದ್ದೆ. ಸುಮ್ನೆ ಇರಬೇಕಿತ್ತು.

ಹನಿ ಮಾರುವ ಹುಡುಗಿ ಫೋನಿನಲ್ಲಿ ಹೇಳಿದ್ದು ಇಷ್ಟು: "ಅಕ್ಕಾ, ನಿಮಗೆ ಅಯೋಡಿನ್ ಕೊರತೆ ಅಷ್ಟೇ. ದಿನಾ ನಾಲ್ಕು ಹನಿ ನೀರಿಗೆ ಹಾಕಿ ಕುಡೀರಿ. ಮೂರು ತಿಂಗಳಲ್ಲಿ ಮಾತ್ರೆನೇ ಬೇಡ." ರಿಪೋರ್ಟ್ ಕೇಳಲಿಲ್ಲ. ಯಾವ ಮಾತ್ರೆ, ಎಷ್ಟು, ಅದನ್ನೂ ಕೇಳಲಿಲ್ಲ. ದಿನಾ ನುಂಗಿ ನುಂಗಿ ಬೇಸತ್ತಿದ್ದೆ, ನಂಬಿಬಿಟ್ಟೆ.

ಎರಡನೇ ವಾರಕ್ಕೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ. ದವಡೆ ಕೆಳಗೆ ಎರಡೂ ಕಡೆ ಊತ. ಫೋನ್ ಮಾಡಿದರೆ, "ಒಳ್ಳೇ ಲಕ್ಷಣ ಅಕ್ಕಾ, ವಿಷ ಹೊರಗೆ ಹೋಗ್ತಿದೆ. ಇನ್ನೆರಡು ಹನಿ ಜಾಸ್ತಿ ಮಾಡಿ, ಮಾತ್ರೆ ಅರ್ಧ ಮಾಡಿ." ಮಾಡಿದೆ. ಮೈ ಬೇಡ ಅನ್ನುತ್ತಿದ್ದಾಗ ಜಾಸ್ತಿ ಮಾಡಿದೆ!

ಎರಡು ತಿಂಗಳು ಕಳೆಯುವಷ್ಟರಲ್ಲಿ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮುಖ ಊದಿತ್ತು. ಟಿಎಸ್‌ಎಚ್ 38.

ಡಾಕ್ಟರ್ ಬೈಯಲಿಲ್ಲ. ಬಾಟಲಿ ಕೊಡಿ ಅಂದರು. ಹಿಂದುಗಡೆಯ ಸಣ್ಣ ಅಕ್ಷರದ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು. ಒಂದು ಹನಿಗೆ 6.25 ಮಿಲಿಗ್ರಾಂ. ಅದನ್ನು ನಾನೂ ಓದಿದ್ದೆ. ಆರೇ ಅಲ್ವಾ ಅಂದುಕೊಂಡಿದ್ದೆ. "ದೊಡ್ಡವರಿಗೆ ದಿನಕ್ಕೆ ಬೇಕಾಗೋದು 150 ಮೈಕ್ರೋಗ್ರಾಂ. ಮಿಲಿಗ್ರಾಂ ಅಲ್ಲ" ಅಂದರು. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಒಂದೇ ಹನಿಯಲ್ಲಿ 40 ದಿನಕ್ಕೂ ಜಾಸ್ತಿ ಅಯೋಡಿನ್. ನಾನು ದಿನಕ್ಕೆ ಆರು ಹನಿ ಕುಡಿಯುತ್ತಿದ್ದೆ. ಆರು! ಆ ಕುರ್ಚಿಯಲ್ಲಿ ಕೂತು ಕಿವಿಯೆಲ್ಲ ಬಿಸಿಯಾಯಿತು.

ಅಯೋಡಿನ್ ಅತಿಯಾದರೆ ಗ್ರಂಥಿ ಹಾರ್ಮೋನ್ ಮಾಡುವುದನ್ನೇ ನಿಲ್ಲಿಸುತ್ತದೆ. ಗ್ರಂಥಿ ಚೆನ್ನಾಗಿರುವವರಲ್ಲಿ ಕೆಲವು ದಿನಕ್ಕೆ ತಾನೇ ಸರಿಹೋಗುತ್ತದೆ. ನಮ್ಮಂಥ ಹಾಶಿಮೊಟೊದವರಲ್ಲಿ ಎಷ್ಟೋ ಸಲ ಹೋಗುವುದಿಲ್ಲ. ಗ್ರಂಥಿಯಲ್ಲಿ ಗಂಟು ಇರುವ ಕೆಲವರಿಗೆ ಉಲ್ಟಾ ಆಗುತ್ತದೆ, ಹಾರ್ಮೋನ್ ಏರಿ ಎದೆ ಡವಡವ ಅನ್ನುತ್ತದೆ. ಥೈರಾಯ್ಡ್ ಆಪರೇಷನ್ನಿಗೆ ಮುಂಚೆ ಡಾಕ್ಟರುಗಳೇ ಇಂಥ ಹನಿ ಕೊಡುವುದುಂಟು. ಆದರೆ ಅದು ಹತ್ತು ಹನ್ನೆರಡು ದಿನದ ಮಾತು, ಅವರ ಕಣ್ಣೆದುರಿಗೆ.

ಆ ಹುಡುಗಿಗೆ ರಿಪೋರ್ಟ್ ಕಳಿಸಿದೆ. ಬಂದ ಉತ್ತರ: "ನಾವು ಔಷಧಿ ಅಂತ ಎಲ್ಲೂ ಹೇಳಿಲ್ವಲ್ಲ. ನೀವು ಡಾಕ್ಟರನ್ನ ಕೇಳಬೇಕಿತ್ತು." ಅಕ್ಕಾ ಅನ್ನೋದೂ ಹೋಯಿತು. ಆಮೇಲೆ ನಂಬರ್ ಬ್ಲಾಕ್.

ದಯವಿಟ್ಟು ಲೇಬಲ್ಲಿನಲ್ಲಿ ಮಿಲಿನೋ ಮೈಕ್ರೋನೋ ನೋಡಿ. ಮಾರುವವರ ಮಾತು ಕೇಳಿ ಮಾತ್ರೆ ಬಿಡಬೇಡಿ. ಬಸುರಿಯರಂತೂ ಇದನ್ನು ಮುಟ್ಟಲೇಬೇಡಿ, ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್‌ಗೂ ಪೆಟ್ಟು. ಗಾಯಕ್ಕೆ ಹಚ್ಚುವ ಅಯೋಡಿನ್ ಕುಡಿಯುವುದಕ್ಕಲ್ಲ. ಈಗಾಗಲೇ ಹನಿ ಶುರು ಮಾಡಿದ್ದರೆ ಡಾಕ್ಟರಿಗೆ ಹೇಳಿ, ಟಿಎಸ್‌ಎಚ್ ನೋಡಿಸಿ. ನಾನು ನಾಚಿಕೆಯಿಂದ ಮುಚ್ಚಿಟ್ಟು ಮೂರು ವಾರ ಕಳೆದೆ.

ಹನಿ ಬಿಟ್ಟೆ, ಪೂರ್ತಿ ಮಾತ್ರೆ ಮತ್ತೆ ಶುರು. ಆರು ವಾರಕ್ಕೆ ಮತ್ತೆ ರಕ್ತ ಕೊಡಬೇಕು. ಗ್ರಂಥಿ ಎಷ್ಟು ಚೇತರಿಸಿಕೊಂಡಿದೆ ಅಂತ ಆಗ ಗೊತ್ತಾಗುತ್ತದೆ.