ಮೂಟೆ ಮೇಲಿನ ನಾಯಿಯ ಚಿತ್ರ ಬಿಡಿ, ಹಿಂಬದಿ ಓದಿ: ಸಾಕುಪ್ರಾಣಿ ಇರುವ ಮನೆಗೆ ಯಾವ ಐಸ್ ಮೆಲ್ಟ್?

ಮೊದಲ ಹಿಮ ಬೀಳುವ ಮುಂಚೆ ಮನೆಗೆ ತರುವ ಸಾಮಾನುಗಳಲ್ಲಿ ತೀರಾ ಕಡಿಮೆ ಯೋಚಿಸಿ ಕೊಳ್ಳುವುದು ಐಸ್ ಮೆಲ್ಟ್, ಅಂದರೆ ಮೆಟ್ಟಿಲು, ಅಂಗಳದ ಮಂಜುಗಡ್ಡೆ ಬಿಡಿಸಲು ಎರಚುವ ಉಪ್ಪಿನಂಥ ಹರಳು. ಮೂಟೆಯ ಮೇಲೆ ನಾಯಿಯ ಚಿತ್ರ, ಪಕ್ಕದಲ್ಲಿ ‘ಪೆಟ್ ಸೇಫ್’ ಎಂಬ ಹಸಿರು ಅಕ್ಷರ ಕಂಡರೆ ಸಾಕು, ಎತ್ತಿಕೊಂಡು ಬರುತ್ತೇವೆ. ಒಂದು ಕಂಪನಿ ಈ ಮಾತನ್ನು ಯೂರಿಯಾ ಹಾಕಿದ್ದಕ್ಕೆ ಬಳಸಿದರೆ, ಇನ್ನೊಂದು ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ್ದಕ್ಕೆ ಬಳಸುತ್ತದೆ. ಮತ್ತೊಂದರಲ್ಲಿ ಮುಕ್ಕಾಲು ಪಾಲು ಸಾದಾ ಕಲ್ಲುಪ್ಪೇ ಇದ್ದು ಮೇಲೊಂದಿಷ್ಟು ಬಣ್ಣ ಲೇಪಿಸಿರಬಹುದು. ಮೂಟೆ ತಿರುಗಿಸಿ, ಸಣ್ಣ ಅಕ್ಷರದ ಘಟಕಗಳ ಸಾಲು ನೋಡಿ. ಅದನ್ನು ಬರೆದೇ ಇಲ್ಲದ ಮೂಟೆಯನ್ನು ಅಲ್ಲೇ ಬಿಟ್ಟು ಬನ್ನಿ.

ಈ ಉಪ್ಪುಗಳು ಏನು ಕೆಲಸ ಮಾಡುತ್ತವೆ ಎಂಬುದು ತಿಳಿದರೆ ಅರ್ಧ ತಪ್ಪು ತಪ್ಪುತ್ತದೆ. ಒಂದು ಹರಳು ಮಂಜುಗಡ್ಡೆಯ ಮೇಲೆ ಬಿದ್ದರೆ ಸುತ್ತಲಿನ ತೇವ ಹೀರಿಕೊಂಡು ಉಪ್ಪುನೀರಾಗುತ್ತದೆ. ಆ ನೀರು ಸೂಜಿಯಂತೆ ಕೆಳಗಿಳಿದು ನೆಲ ಮುಟ್ಟಿದ ಮೇಲೆ ಅಡ್ಡಕ್ಕೆ ಹರಡಿ, ಗಡ್ಡೆ ಮತ್ತು ನೆಲದ ನಡುವಿನ ಹಿಡಿತ ಸಡಿಲಿಸುತ್ತದೆ. ಅಷ್ಟಾದರೆ ಉಪ್ಪಿನ ಕೆಲಸ ಮುಗಿಯಿತು, ಉಳಿದದ್ದು ಸಲಿಕೆಯದು. ಇಡೀ ಗಡ್ಡೆ ಕರಗಿ ನೀರಾಗಿ ಹರಿಯಲಿ ಎಂದು ಮೂಟೆಗಟ್ಟಲೆ ಸುರಿಯುವವರಿದ್ದಾರೆ. ನಾಯಿಯ ಅಂಗಾಲು ಸುಡುವುದು, ಗಿಡ ಒಣಗುವುದು, ಗೇಟು ತುಕ್ಕು ಹಿಡಿಯುವುದು ಎಲ್ಲವೂ ಹೆಚ್ಚಾಗಿ ಅಲ್ಲಿಂದಲೇ ಶುರು.

ಇನ್ನು ಒಂದೊಂದಾಗಿ.

ಕಲ್ಲುಪ್ಪು, ಅಂದರೆ ಸೋಡಿಯಂ ಕ್ಲೋರೈಡ್. ಅಗ್ಗ, ಎಲ್ಲೆಡೆ ಸಿಗುತ್ತದೆ. ಪ್ರಯೋಗಾಲಯದಲ್ಲಿ 23 ಶೇಕಡಾ ಉಪ್ಪುನೀರು −21 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ. ಆದರೆ ಅಂಗಳದಲ್ಲಿ ಆ ಅಂಕಿಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ನೆಲದ ಉಷ್ಣತೆ −9ಕ್ಕಿಂತ ಇಳಿದರೆ ಕರಗುವ ವೇಗ ಎಷ್ಟು ಕುಸಿಯುತ್ತದೆ ಎಂದರೆ, ಹರಳುಗಳು ಬೆಳಗಿನವರೆಗೂ ಹಾಗೇ ಕೂತಿರುತ್ತವೆ. ನೆಲದ ಉಷ್ಣತೆ ಎಂದದ್ದು ಬೇಕೆಂದೇ. ಗಾಳಿ −3 ಇದ್ದರೂ ನೆರಳಿನ ಮೆಟ್ಟಿಲು ಅದಕ್ಕಿಂತ ಬಹಳ ತಣ್ಣಗಿರಬಹುದು. ಸಾಕುಪ್ರಾಣಿಯ ದೃಷ್ಟಿಯಿಂದ ಕಲ್ಲುಪ್ಪಿನ ತೊಂದರೆ ಎರಡು ಬಗೆಯದು. ಅದರ ಹರಳಿಗೆ ಚೂಪು ಅಂಚು. ಬೆರಳ ಸಂದಿಯಲ್ಲಿ ಸಿಕ್ಕಿಕೊಂಡು ಪ್ರತಿ ಹೆಜ್ಜೆಗೂ ಉಜ್ಜಿ ಗಾಯ ಮಾಡುತ್ತದೆ, ಆ ಗಾಯದ ಮೇಲೆ ಉಪ್ಪುನೀರು. ನಾಯಿ ನಡೆಯುತ್ತ ನಡೆಯುತ್ತ ಒಂದು ಕಾಲು ಎತ್ತಿ ನಿಂತುಬಿಟ್ಟರೆ ಮೊದಲು ನೋಡಬೇಕಾದ ಜಾಗ ಅದು. ಎರಡನೆಯದು ನೆಕ್ಕುವುದು. ದೇಹತೂಕದ ಕಿಲೋಗೆ ಸುಮಾರು 2 ಗ್ರಾಂ ಉಪ್ಪು ಹೊಟ್ಟೆಗೆ ಹೋದರೆ ನಾಯಿಯಲ್ಲಿ ವಿಷದ ಲಕ್ಷಣ ಕಾಣಿಸಿಕೊಳ್ಳಬಹುದು, 4 ಗ್ರಾಂ ಆದರೆ ಪ್ರಾಣಕ್ಕೇ ಕುತ್ತು. ಹತ್ತು ಕಿಲೋ ನಾಯಿಗೆ 20 ಗ್ರಾಂ ಎಂದರೆ ಒಂದು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು, ಅಷ್ಟೇ. ಕಾಲು ನೆಕ್ಕಿದ ಮಾತ್ರಕ್ಕೆ ಅಷ್ಟು ಹೋಗುವುದು ಅಪರೂಪ. ಬಾಯಿ ತೆರೆದಿಟ್ಟ ಮೂಟೆಗೆ ಮೂತಿ ಹಾಕಿದರೆ ಖಂಡಿತ ಹೋಗುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್. ಬಿಳಿ ಗುಂಡು ಕಾಳುಗಳು. ಕೆಲಸದಲ್ಲಿ ಇದಕ್ಕೆ ಸಾಟಿ ಇಲ್ಲ. −25 ಡಿಗ್ರಿಯ ಆಸುಪಾಸಿನಲ್ಲೂ ನಡೆಯುತ್ತದೆ, ಎಲ್ಲಕ್ಕಿಂತ ಬೇಗ ನಡೆಯುತ್ತದೆ. ನೀರು ತಾಗಿದೊಡನೆ ಶಾಖ ಬಿಡುವುದೇ ಇದರ ಬಲ, ಅದೇ ಇದರ ದೋಷ. ಒದ್ದೆ ಅಂಗಾಲಿಗೆ ಅಂಟಿದ ಕಾಳು ಅಲ್ಲೇ ಬಿಸಿಯಾಗಿ ಚರ್ಮದ ತೇವ ಹೀರುತ್ತದೆ, ನೆಕ್ಕಿದರೆ ನಾಲಿಗೆ ಮತ್ತು ವಸಡು ಉರಿಯುತ್ತದೆ. ಕರಗಿದ ಮೇಲೆ ನೆಲದಲ್ಲಿ ಎಣ್ಣೆ ಬಳಿದಂಥ ಜಾರು ಪದರ ಉಳಿಯುತ್ತದೆ, ಮನೆಯೊಳಗೆ ಮರದ ನೆಲದ ಮೇಲೆ ಅದರ ಹೆಜ್ಜೆಗುರುತು ಒರೆಸಿದಷ್ಟೂ ಹಾಗೇ. ನಾಯಿ ಬೆಕ್ಕು ಓಡಾಡದ ಜಾಗಕ್ಕೆ, ಉದಾಹರಣೆಗೆ ನೀರು ಕಟ್ಟಿಕೊಂಡ ಸೂರಿನ ದೋಣಿಯ ಬಾಯಿಗೆ, ಇದು ಸರಿ. ಮುಂಬಾಗಿಲ ಮೆಟ್ಟಿಲಿಗೆ ಬೇಡ. ಹಾಕಲೇಬೇಕಾದಷ್ಟು ಚಳಿ ಇದ್ದರೆ ಗಡ್ಡೆ ಸಡಿಲವಾದ ಕೂಡಲೇ ಎಲ್ಲವನ್ನೂ ಗುಡಿಸಿ ತೆಗೆಯಿರಿ, ಆಮೇಲೆ ನಾಯಿಯನ್ನು ಹೊರಗೆ ಬಿಡಿ.

ಮೆಗ್ನೀಸಿಯಂ ಕ್ಲೋರೈಡ್. ತೆಳು ಚಕ್ಕೆ ಅಥವಾ ಕಾಳಿನ ರೂಪದಲ್ಲಿ ಬರುತ್ತದೆ, ಸುಮಾರು −15ರವರೆಗೆ ನಂಬಬಹುದು. ಚಕ್ಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಹರಳಿನೊಳಗೇ ಕಟ್ಟಿಕೊಂಡಿರುವ ನೀರು. ಹಾಗಾಗಿ ಕ್ಯಾಲ್ಸಿಯಂ ಕಾಳಿನಷ್ಟು ಬಿಸಿಯಾಗುವುದಿಲ್ಲ, ಅಂಗಾಲಿಗೆ ಅಷ್ಟರ ಮಟ್ಟಿಗೆ ಮೃದು. ಅದೇ ಕಾರಣಕ್ಕೆ ಅದೇ ಕೆಲಸಕ್ಕೆ ಹೆಚ್ಚು ಚಕ್ಕೆ ಬೇಕು ಎಂಬುದು ಮೂಟೆಯ ಮೇಲೆ ಬರೆದಿರುವುದಿಲ್ಲ. ತುಂಬಾ ತಿಂದರೆ ಭೇದಿ ಗ್ಯಾರಂಟಿ. ಸಿಮೆಂಟನ್ನು ರಾಸಾಯನಿಕವಾಗಿ ಕೊರೆಯುವ ಗುಣವೂ ಇದಕ್ಕಿದೆ, ಆದ್ದರಿಂದ ಹಳೆಯ, ಪುಡಿ ಉದುರುವ ಕಾಂಕ್ರೀಟಿನ ಮೇಲೆ ಕೈ ಹಿಡಿದು ಬಳಸಬೇಕು. ಈ ಎಲ್ಲ ಕೊರತೆ ಲೆಕ್ಕ ಹಾಕಿದ ಮೇಲೂ, ನಾಯಿ ಇರುವ ಮನೆಯ ಮೆಟ್ಟಿಲಿಗೆ ಒಂದೇ ಒಂದು ಮೂಟೆ ಆರಿಸಿ ಎಂದರೆ ನಮ್ಮ ಆಯ್ಕೆ ಇದೇ.

ಪೊಟ್ಯಾಸಿಯಂ ಕ್ಲೋರೈಡ್ −4ರ ಕೆಳಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಣ ದಂಡ.

ಯೂರಿಯಾಕ್ಕೆ ‘ಪೆಟ್ ಸೇಫ್’ ಹೆಸರು ಬಂದದ್ದು ಅದರಲ್ಲಿ ಕ್ಲೋರೈಡ್ ಇಲ್ಲ ಎಂಬ ಕಾರಣಕ್ಕೆ. ಲೋಹಕ್ಕೆ ತುಕ್ಕು ತರುವುದು ಕಡಿಮೆ, ನಾಯಿಯ ಅಂಗಾಲಿಗೂ ಸೌಮ್ಯ. ಆದರೆ ಇದೂ ನೆಲ −5ರ ಆಸುಪಾಸಿಗೆ ಬರುವಷ್ಟರಲ್ಲಿ ಸೋಲುತ್ತದೆ. ಹೊಲಕ್ಕೆ ಹಾಕುವ ಅದೇ 46 ಶೇಕಡಾ ಸಾರಜನಕದ ಗೊಬ್ಬರ ಇದು. ಹಿಮ ಕರಗಿದಾಗ ಹುಲ್ಲಿನ ಅಂಚನ್ನು ಸುಟ್ಟು, ಉಳಿದದ್ದು ಚರಂಡಿ ಹಿಡಿದು ಕೆರೆಗೆ ಹೋಗಿ ಪಾಚಿ ಬೆಳೆಸುತ್ತದೆ. ಹಸು, ಆಡು, ಕುರಿ ಸಾಕಿರುವ ಮನೆಗೆ ಇದು ಖಂಡಿತ ಕೂಡದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಯೂರಿಯಾ ಅಮೋನಿಯಾ ಆಗಿ ಕೆಲವೇ ಗಂಟೆಗಳಲ್ಲಿ ಕೊಲ್ಲಬಹುದು. ಮೂಟೆಯ ಮೇಲೆ ನಾಯಿಯ ಚಿತ್ರ ಹಾಕುವವರು ಈ ಎಚ್ಚರಿಕೆಯನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು.

ಕ್ಯಾಲ್ಸಿಯಂ ಮೆಗ್ನೀಸಿಯಂ ಅಸಿಟೇಟ್ ಈ ಗುಂಪಿನ ಸಾಧು. ತುಸು ವಿನೆಗರ್ ವಾಸನೆ, ತುಕ್ಕು ತೀರಾ ಕಡಿಮೆ, ಕಾಂಕ್ರೀಟಿಗೂ ಗಿಡಕ್ಕೂ ಹೆಚ್ಚು ಹಾನಿಯಿಲ್ಲ. ಬೆಲೆ ಕಲ್ಲುಪ್ಪಿಗಿಂತ ಬಹುಪಟ್ಟು. ಇದನ್ನು ಕೊಂಡವರು ಕೆಲಸವೇ ಮಾಡುವುದಿಲ್ಲ ಎಂದು ದೂರುವುದಕ್ಕೆ ಕಾರಣ ಹಾಕುವ ಹೊತ್ತು ತಪ್ಪುವುದು. ಗಟ್ಟಿಯಾದ ಗಡ್ಡೆಯನ್ನು ಕೊರೆಯುವ ಶಕ್ತಿ ಇದಕ್ಕಿಲ್ಲ. ಹಿಮದ ಕಣಗಳು ಒಂದಕ್ಕೊಂದು, ನೆಲಕ್ಕೆ ಅಂಟದಂತೆ ತಡೆಯುವುದಷ್ಟೇ ಇದರ ಕೆಲಸ. ಹಿಮ ಶುರುವಾದಾಗಲೇ ಎರಚಬೇಕು, ನೆಲ −6ಕ್ಕಿಂತ ಮೇಲಿರಬೇಕು.

ಇವೆಲ್ಲದರ ಜೊತೆಗೆ ಒಂದು ಬಕೆಟ್ ದಪ್ಪ ಮರಳು ಇರಲೇಬೇಕು. ಕರಗಿಸುವುದಿಲ್ಲ, ಹಿಡಿತ ಕೊಡುತ್ತದೆ. ಯಾವ ಉಪ್ಪೂ ನಡೆಯದ ಚಳಿಯಲ್ಲಿ ನಾಯಿಗೂ ಮನುಷ್ಯರಿಗೂ ಇದೊಂದೇ ಆಸರೆ. ಒಣಗಿದ ಮರಳೇ ಆಗಬೇಕು, ಒದ್ದೆ ಇದ್ದರೆ ಬಕೆಟ್ಟಿನಲ್ಲೇ ಕಲ್ಲಾಗುತ್ತದೆ. ಬೆಕ್ಕಿನ ಲಿಟ್ಟರ್ (ಬೆಕ್ಕಿನ ಶೌಚದ ತಟ್ಟೆಗೆ ಹಾಕುವ ಕಾಳು) ಹಾಕಿ ಎನ್ನುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಗಟ್ಟಿಕಟ್ಟುವ ಬಗೆಯ ಲಿಟ್ಟರ್ ನೀರು ಸೋಕಿದೊಡನೆ ಜಾರುವ ಕೆಸರಾಗಿ ಕಾಲಿಗೆ ಮೆತ್ತುತ್ತದೆ, ಬೇಡ. ಒಲೆಯ ಬೂದಿಯೂ ಬೇಡ. ಒದ್ದೆಯಾದರೆ ಅದು ಕ್ಷಾರ, ಅಂಗಾಲಿಗೆ ಉರಿ.

ಎಷ್ಟು ಹಾಕಬೇಕು? ಕಲ್ಲುಪ್ಪಿನ ಲೆಕ್ಕದಲ್ಲಿ ಒಂದು ಕಾಫಿ ಮಗ್, ಸುಮಾರು 350 ಗ್ರಾಂ, ಸುಮಾರು 45 ಚದರ ಮೀಟರ್ ನೆಲಕ್ಕೆ ಸಾಕು. ಅಂದರೆ ಒಂದು ಚದರ ಮೀಟರಿಗೆ ಎಂಟು ಗ್ರಾಂ, ಒಂದೂವರೆ ಟೀ ಚಮಚ. ನಂಬುವುದಕ್ಕೆ ಕಷ್ಟವಾಗುವಷ್ಟು ಕಡಿಮೆ. ಕೋಳಿಗೆ ಕಾಳು ಎರಚುವ ಹಾಗೆ ಕೈ ಬೀಸಿ ಹಾಕಿದರೆ ಕಾಳು ಕಾಳಿನ ನಡುವೆ ಎರಡು ಮೂರು ಬೆರಳಿನಷ್ಟು ಅಂತರ ಇರಬೇಕು. ಮೊದಲು ಸಲಿಕೆಯಿಂದ ಸಡಿಲ ಹಿಮ ತೆಗೆದು, ಆಮೇಲೆ ಉಪ್ಪು. ಹಿಮದ ರಾಶಿಯ ಮೇಲೇ ಹಾಕಿದರೆ ಉಪ್ಪುನೀರು ಮೇಲ್ಪದರದಲ್ಲೇ ತೆಳುವಾಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ ಮೊದಲಿಗಿಂತ ಹೆಚ್ಚು ಜಾರುತ್ತದೆ.

ಇದಕ್ಕಿಂತಲೂ ಒಳ್ಳೆಯ ದಾರಿ ಒಂದಿದೆ. ಒಂದು ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿದರೆ ಹೆಚ್ಚುಕಡಿಮೆ ಆ 23 ಶೇಕಡಾ ದ್ರಾವಣ ಮನೆಯಲ್ಲೇ ತಯಾರು. ಹಿಮ ಬೀಳುವ ಕೆಲವು ಗಂಟೆ ಮುಂಚೆ ಗಿಡಕ್ಕೆ ಸಿಂಪಡಿಸುವ ಕೈಪಂಪಿನಲ್ಲಿ ಒಣ ಮೆಟ್ಟಿಲಿನ ಮೇಲೆ ಗೆರೆ ಎಳೆದಂತೆ ಸಿಂಪಡಿಸಿ ಒಣಗಲು ಬಿಡಿ. ಹಿಮ ನೆಲಕ್ಕೆ ಕಚ್ಚಿಕೊಳ್ಳುವುದೇ ಇಲ್ಲ, ನಾಯಿಯ ಕಾಲಿಗೆ ಚುಚ್ಚುವ ಹರಳೂ ಇಲ್ಲ. ಮಳೆ ಬಂದು ಆಮೇಲೆ ಹಿಮವಾಗುವ ಸೂಚನೆ ಇದ್ದರೆ ಮಾತ್ರ ಮಾಡಬೇಡಿ, ತೊಳೆದು ಹೋಗುತ್ತದೆ. ಪಂಪನ್ನು ಬಳಸಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಮುಂದಿನ ಸಲಕ್ಕೆ ನಳಿಕೆ ಕಟ್ಟಿರುತ್ತದೆ.

ವರ್ಷ ತುಂಬದ ಹೊಸ ಕಾಂಕ್ರೀಟಿಗೆ ಮರಳು ಬಿಟ್ಟು ಬೇರೇನೂ ಹಾಕಬಾರದು. ನೀರು ಹೆಪ್ಪಾಗುವಾಗ 9 ಶೇಕಡಾ ಹಿಗ್ಗುತ್ತದೆ. ಉಪ್ಪು ಬಿದ್ದ ನೆಲ ಮತ್ತೆ ಮತ್ತೆ ಕರಗಿ ಹೆಪ್ಪಾಗುವುದರಿಂದ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಮೋನಿಯಂ ಸಲ್ಫೇಟ್ ಅಥವಾ ನೈಟ್ರೇಟ್ ಇರುವ ಮೂಟೆಯನ್ನಂತೂ ಹಳೆಯ ಕಾಂಕ್ರೀಟಿಗೂ ಹಾಕಬೇಡಿ.

ಯಾವ ಉಪ್ಪೇ ಇರಲಿ, ಬೀದಿಯಲ್ಲಿ ಬೇರೆಯವರು ಏನು ಹಾಕಿದ್ದಾರೋ ಗೊತ್ತಿರುವುದಿಲ್ಲ. ಆದ್ದರಿಂದ ಬಾಗಿಲ ಬಳಿ ಒಂದು ಅಗಲ ಪಾತ್ರೆ, ಉಗುರುಬೆಚ್ಚಗಿನ ನೀರು, ಎರಡು ಟವೆಲ್ ಕಾಯಂ ಇರಲಿ. ಒಂದೊಂದೇ ಕಾಲು ಹತ್ತು ಹದಿನೈದು ಸೆಕೆಂಡು ಮುಳುಗಿಸಿ, ಬೆರಳು ಬಿಡಿಸಿ ಸಂದಿ ತೊಳೆದು, ಸಂದಿಯೊಳಗೂ ಒತ್ತಿ ಒರೆಸಿ. ಹೊಟ್ಟೆಯ ಕೆಳಗಿನ ಕೂದಲನ್ನೂ ಒರೆಸಬೇಕು, ಗಿಡ್ಡ ಕಾಲಿನ ನಾಯಿಗೆ ಹೆಚ್ಚು ಉಪ್ಪು ಅಂಟುವುದು ಅಲ್ಲೇ. ತೊಳೆದ ನೀರನ್ನು ಕೂಡಲೇ ಚೆಲ್ಲಿ, ಬಾಯಾರಿದ ನಾಯಿ ಅದಕ್ಕೇ ಬಾಯಿ ಹಾಕುತ್ತದೆ. ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟಿದ್ದರೆ ಕೀಳಬೇಡಿ, ಕೂದಲ ಸಮೇತ ಚರ್ಮ ಬರುತ್ತದೆ. ಬೆಚ್ಚಗಿನ ನೀರಿನಲ್ಲಿ ತಾನೇ ಬಿಡುತ್ತದೆ. ಚಳಿಗೆ ಮುಂಚೆಯೇ ಆ ಕೂದಲನ್ನು ಅಂಗಾಲಿನ ಮಟ್ಟಕ್ಕೆ ಕತ್ತರಿಸಿಟ್ಟರೆ ಉಂಡೆ ಕಟ್ಟುವುದೇ ಕಡಿಮೆ.

ಬೂಟು ಹಾಕುವುದಾದರೆ ನಾಯಿಯನ್ನು ನಿಲ್ಲಿಸಿ, ಭಾರ ಊರಿದ ಪಾದದ ಅಗಲ ಅಳೆಯಿರಿ. ಕೂತಾಗಿನ ಅಳತೆಗೆ ಕೊಂಡ ಬೂಟು ಬಿಗಿಯಾಗಿ, ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ.

ನಾಯಿ ಉಪ್ಪು ತಿಂದ ಅನುಮಾನವಿದ್ದು ವಾಂತಿ, ವಿಪರೀತ ಬಾಯಾರಿಕೆ, ತೂರಾಟ, ನಡುಕ ಕಂಡರೆ ಖಾಲಿ ಮೂಟೆಯ ಲೇಬಲ್ ಹಿಡಿದುಕೊಂಡೇ ಪಶುವೈದ್ಯರ ಬಳಿ ಓಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಇಲ್ಲಿ ವಿಷಕ್ಕೆ ವಿಷ ಸೇರಿಸಿದಂತೆ. ಗಾಜಿನ ಮೇಲಿನ ಹಿಮ ಬಿಡಿಸುವ ಸ್ಪ್ರೇ, ಕಾರಿನ ಕೂಲೆಂಟ್ ಬೇರೆಯೇ ಅಪಾಯ. ಅವುಗಳಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಇದ್ದರೆ ಬೆಕ್ಕಿಗೆ ದೇಹತೂಕದ ಕಿಲೋಗೆ 1.5 ಮಿಲಿಲೀಟರ್ ಸಾಕು ಸಾಯಲು, ರುಚಿಯೂ ಸಿಹಿ. ನೆಲಕ್ಕೆ ಚೆಲ್ಲಿದ್ದನ್ನು ಮರಳು ಹಾಕಿ ಹೀರಿಸಿ ತೆಗೆಯಿರಿ. ಪ್ರಾಣಿ ನೆಕ್ಕಿದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯಬೇಡಿ, ಬೆಕ್ಕಿಗೆ ಮದ್ದು ನಾಟುವುದು ಮೊದಲ ಮೂರು ಗಂಟೆಯೊಳಗೆ.

ಮೂಟೆ ಒಡೆದ ದಿನವೇ ಎಲ್ಲವನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಿರಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಗಾಳಿಯ ತೇವ ಹೀರಿ ವಾರದಲ್ಲಿ ಬಂಡೆಯಾಗುತ್ತವೆ, ತಗಡಿನ ಡಬ್ಬಿಯನ್ನು ತಿಂದುಹಾಕುತ್ತವೆ. ಬಿಸಿಲು ಬಂದು ಮೆಟ್ಟಿಲು ಒಣಗಿದ ಮೇಲೂ ಬಿಳಿ ಕಾಳು ಕಾಣುತ್ತಿದ್ದರೆ ಅದು ಹೆಚ್ಚಾಗಿ ಹಾಕಿದ ಉಪ್ಪು. ಪೊರಕೆಯಲ್ಲಿ ಗುಡಿಸಿ ವಾಪಸ್ ಬಕೆಟ್ಟಿಗೆ ಹಾಕಿ, ಮುಂದಿನ ಹಿಮಕ್ಕೆ ಅದೇ ನಡೆಯುತ್ತದೆ.